ಪಕ್ಕದಲ್ಲಿ ಕೂತವರು

ವಾದದಲ್ಲಿ ಸೋತು, "ಹೌದು ಮಾರಾಯ, ನೀನು ಹೇಳಿದ್ದೇ ಸರಿ, ಇಷ್ಟು ದಿನ ನನಗೆ ತಿಳಿದಿರಲಿಲ್ಲ" ಎಂದು ಎದುರಾಳಿಯ ಕೈ ಹಿಡಿದವರನ್ನು ನೀವು ಎಲ್ಲಾದರೂ ಕಂಡದ್ದುಂಟೇ? ಸಿನೆಮಾದ ಕೋರ್ಟಿನಲ್ಲಿ ಅಂಥವರು ಸಿಗುತ್ತಾರೆ. ಮಕ್ಕಳ ನೀತಿಕಥೆಗಳಲ್ಲಿ ಪುಟಕ್ಕೊಬ್ಬರು ಸಿಗುತ್ತಾರೆ. ಮನೆಯ ಜಗಲಿಯಲ್ಲಿ ಮಾತ್ರ ನನಗೆ ಒಬ್ಬರೂ ಸಿಕ್ಕಿಲ್ಲ.

ನಾನೂ ನನ್ನ ಭಾವನೂ ಒಂದು ಕಾಲದಲ್ಲಿ ಅಡಿಕೆಯೋ ರಬ್ಬರೋ ಎಂಬ ವಿಷಯದಲ್ಲಿ ಭೇಟಿಯಾದಾಗಲೆಲ್ಲ ಚರ್ಚೆ ಮಾಡುತ್ತಿದ್ದೆವು. ಅವನು ರಬ್ಬರಿನ ಪಕ್ಷ. ನನ್ನದು ಅಡಿಕೆ. ಅವನ ಬಳಿ ಲೆಕ್ಕಾಚಾರಗಳಿದ್ದವು: ಮದ್ದು ಬಿಡುವವರ ಸಂಬಳ, ಕೊಳೆರೋಗ, ಮರ ಹತ್ತುವವರ ಅಭಾವ. ನನ್ನ ಬಳಿ ಲೆಕ್ಕ ಇರಲಿಲ್ಲ, ಅಜ್ಜ ಇದ್ದರು. ಅಜ್ಜ ಹಾಕಿದ ತೋಟ, ಅಜ್ಜ ತೋಡಿದ ಸುರಂಗ, ಅಜ್ಜ ಹೇಳಿದ ಮಾತು. ಲೆಕ್ಕ ಅಜ್ಜನನ್ನು ಸೋಲಿಸಲಿಲ್ಲ. ಅಜ್ಜನೂ ಲೆಕ್ಕವನ್ನು ಸೋಲಿಸಲಿಲ್ಲ. ಒಳಗಿನಿಂದ ಅಕ್ಕ "ಚಾ ಆರ್ತಾ ಉಂಟು" ಎಂದು ಕರೆಯುವಲ್ಲಿಗೆ ಪ್ರತಿಸಲವೂ ಸಭೆ ಮುಂದೂಡಲ್ಪಡುತ್ತಿತ್ತು.

ಆದರೆ ಆ ಚರ್ಚೆಗಳಿಂದ ಫಲ ಸಿಗಲಿಲ್ಲ ಎನ್ನಲಾರೆ. ಏಣಿ ಕೇಳಲು ಬಂದ ನೆರೆಮನೆಯವರೊಬ್ಬರು ಒಂದು ದಿನ ಜಗಲಿಯ ತುದಿಯಲ್ಲಿ ಕೂತು ಎಲೆ ಹಾಕುತ್ತಾ ಇಡೀ ವಾದ ಕೇಳಿದರು. ನಡುವೆ ಒಂದು ಮಾತೂ ಆಡಲಿಲ್ಲ. ಏಣಿ ಹೊತ್ತುಕೊಂಡು ಹೋದವರು ಮುಂದಿನ ಮಳೆಗಾಲಕ್ಕೆ ಗೇರುಗುಡ್ಡೆ ಸವರಿ ರಬ್ಬರಿನ ಗಿಡ ನೆಟ್ಟರು. ಅವರಿಗೆ ಯಾರೂ ಏನೂ ಉಪದೇಶ ಮಾಡಿರಲಿಲ್ಲ. ಮುಂದೆ ರಬ್ಬರಿನ ಬೆಲೆ ಇಳಿದಾಗ ಅವರು ಭಾವನನ್ನು ಬೈದುಕೊಂಡರೆಂದು ಕೇಳಿದೆ. ಭಾವನಿಗೆ ಅದರಿಂದ ಬೇಸರವಾಗಲಿಲ್ಲ, ತನ್ನ ಮಾತಿಗೆ ಒಬ್ಬನಾದರೂ ಬಿದ್ದನಲ್ಲ ಎಂಬ ಸಂತೋಷವೇ ಹೆಚ್ಚು.

ಮಾತಿನಿಂದ ಜನರನ್ನು ಒಪ್ಪಿಸುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳು ಈಗ ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲೂ ಸಿಗುತ್ತವೆ. ಎದುರಿನವನ ಕಣ್ಣನ್ನೇ ನೋಡಿ, ಅವನ ಹೆಸರನ್ನು ಆಗಾಗ ಹೇಳಿ ಎಂಬಂಥ ಸಲಹೆಗಳು ಅವುಗಳಲ್ಲಿರುತ್ತವೆ. ನನಗೆ ಈ ಪುಸ್ತಕಗಳ ಮೇಲೆ ಇರುವ ತಕರಾರು ಒಂದೇ. ಅವು ಎದುರು ಕೂತವನ ಮೇಲೆ ಬಹಳ ಭರವಸೆ ಇಟ್ಟಿವೆ. ಎದುರು ಕೂತವನು ಒಪ್ಪುವುದಿಲ್ಲ. ಅವನಿಗೆ ಮಾನ ಉಂಟು. ಒಪ್ಪುವವನು ಪಕ್ಕದಲ್ಲಿ ಕೂತವನು. ಅವನನ್ನು ಯಾರೂ ಒಪ್ಪಿಸಲು ಹೊರಟಿಲ್ಲವಾದ್ದರಿಂದ ಅವನು ಬಾಗಿಲು ಹಾಕಿಕೊಂಡಿರುವುದಿಲ್ಲ.

ಇದನ್ನು ಸೀರೆ ಅಂಗಡಿಯ ಹುಡುಗರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಸೀರೆ ಕೊಳ್ಳಲು ಬಂದವಳು ಮುಖ ಗಂಟಿಕ್ಕಿ ಕೂತಿದ್ದಾಗ ಅವಳ ಜತೆ ಮಾತು ಬೆಳೆಸುವುದು ದಂಡ. ಹುಡುಗ ಸೆರಗನ್ನು ತನ್ನ ಹೆಗಲ ಮೇಲೆಯೇ ಹಾಕಿಕೊಂಡು, ಕೊಳ್ಳುವವಳ ಕಡೆ ನೋಡದೆ, ಅವಳ ಜತೆ ಬಂದ ನಾದಿನಿಯ ಕಡೆ ತಿರುಗಿ, "ನೀವೇ ಹೇಳಿ ಅಕ್ಕಾ, ಈ ಬಣ್ಣ ಇವರಿಗೆ ಒಪ್ಪುವುದಿಲ್ವಾ?" ಎನ್ನುತ್ತಾನೆ. ನಾದಿನಿಗೆ ಹಣ ಕೊಡುವ ಚಿಂತೆ ಇಲ್ಲ. "ಚಂದ ಉಂಟು ಅತ್ತಿಗೆ" ಎಂದುಬಿಡುತ್ತಾಳೆ. ನನ್ನಂಥ ಗಂಡಸರು ಮೂಲೆಯ ಸ್ಟೂಲಿನಲ್ಲಿ ಕೂತು ಈ ನಾಟಕವನ್ನು ನೋಡಿ ನೋಡಿ ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಆದರೆ ಪಕ್ಕದಲ್ಲಿ ಕೂತವರನ್ನು ಒಪ್ಪಿಸುವುದನ್ನೇ ಒಂದು ದೊಡ್ಡ ಕಲೆಯಾಗಿ ಬೆಳೆಸಿದ ಕೀರ್ತಿ ನಮ್ಮ ಕಡೆಯ ತಾಳಮದ್ದಳೆಯದು. ಘಟ್ಟದ ಮೇಲಿನವರಿಗಾಗಿ ಸ್ವಲ್ಪ ವಿವರಿಸಬೇಕು. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿಯುತ್ತದೆ. ಆಗ ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರಾಗಿ ಕೂತು ಆ ಪದದ ಎಳೆ ಹಿಡಿದು ಆಶುವಾಗಿ ಮಾತಾಡುತ್ತಾರೆ. ಒಬ್ಬ ಕೃಷ್ಣ, ಒಬ್ಬ ಕೌರವ. ಬರೆದುಕೊಂಡು ಬಂದ ಸಂಭಾಷಣೆ ಇಲ್ಲ. ಕೃಷ್ಣ ಏನು ಕೇಳುತ್ತಾನೆಂದು ಕೌರವನಿಗೆ ಮುಂಚೆ ಗೊತ್ತಿರುವುದಿಲ್ಲ. ಕೊನೆಗೆ ಏನಾಗುತ್ತದೆ ಎಂಬುದು ಮಾತ್ರ ಬಾಗಿಲಲ್ಲಿ ಚಪ್ಪಲಿ ಕಾಯುವ ಹುಡುಗನಿಗೂ ಗೊತ್ತು.

ಕೃಷ್ಣ ಸಂಧಾನವನ್ನೇ ನೋಡಿ. ಜಗತ್ತಿನ ಅತ್ಯುತ್ತಮ ಮಾತುಗಾರ ಹಸ್ತಿನಾವತಿಗೆ ಹೋಗುತ್ತಾನೆ. ಅವನ ಕಡೆ ನ್ಯಾಯ ಉಂಟು, ಧರ್ಮ ಉಂಟು, ಸ್ವತಃ ದೇವರೆಂಬ ಅನುಕೂಲವೂ ಉಂಟು. ಅರ್ಧ ರಾಜ್ಯದಿಂದ ಇಳಿದು ಇಳಿದು ಐದು ಗ್ರಾಮಗಳಿಗೆ ಬರುತ್ತಾನೆ. ಕೌರವ ಒಪ್ಪುವುದಿಲ್ಲ. ಕರಾವಳಿಯಲ್ಲಿ ಪ್ರತಿ ಮಳೆಗಾಲದಲ್ಲಿಯೂ ಈ ಸಂಧಾನ ಎಷ್ಟೋ ಕಡೆ ನಡೆಯುತ್ತದೆ, ಎಲ್ಲ ಕಡೆಯೂ ಮುರಿದು ಬೀಳುತ್ತದೆ. ಬಳಿಕ ಕೃಷ್ಣ ಕರ್ಣನನ್ನು ಏಕಾಂತದಲ್ಲಿ ಕಂಡು ಜನ್ಮರಹಸ್ಯ ಹೇಳುತ್ತಾನೆ. ಕರ್ಣನೂ ಪಕ್ಷ ಬದಲಿಸುವುದಿಲ್ಲ. ಕರ್ಣ ಅಲುಗದಿದ್ದಾಗ ಅಲುಗಿದವರು ಮಾತ್ರ ಚಾವಡಿಯಲ್ಲಿ ಕೂತವರು. ಕಣ್ಣೊರಸಿಕೊಳ್ಳುವ ಹೆಂಗಸರನ್ನೂ, ಕಣ್ಣಿಗೆ ಏನೋ ಬಿತ್ತೆಂದು ಹೇಳುವ ಗಂಡಸರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

ಮಜ ಇರುವುದು ಕೌರವನ ಮಾತಿನಲ್ಲಿ. ಅವನ ವಕಾಲತ್ತು ವಹಿಸುವುದು ಕಷ್ಟದ ಕೆಲಸ, ಆದ್ದರಿಂದಲೇ ಒಳ್ಳೆಯ ಅರ್ಥಧಾರಿಗಳು ಅದಕ್ಕೆ ಆಸೆಪಡುತ್ತಾರೆ. "ನೀನು ಕೇಳುವುದು ಹಕ್ಕೋ ದಾನವೋ?" ಎಂದು ಕೌರವ ಎಳೆಯುತ್ತಾನೆ. "ಹಕ್ಕಾದರೆ ಐದೇ ಗ್ರಾಮ ಯಾಕೆ, ಪೂರ್ತಿ ಕೇಳು. ದಾನವಾದರೆ ನ್ಯಾಯದ ಮಾತು ಯಾಕೆ, ಕೈಯೊಡ್ಡು. ರಾಯಭಾರಿಯಾಗಿ ಬಂದವನು ಮೊದಲು ಅರಮನೆಗೆ ಬರಬೇಕಿತ್ತು, ವಿದುರನ ಮನೆಯ ಹಾಲು ಕುಡಿದು ಬಂದವನು ಯಾರ ನೆಂಟ?" ಇಂಥ ಪಟ್ಟು ಬಿದ್ದಾಗ ಸಭೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಈಗ ಕೃಷ್ಣ ಏನು ಹೇಳುತ್ತಾನೆ? ದೇವರಿಗೂ ಉತ್ತರ ಹುಡುಕಬೇಕಾಗುವ ಆ ಒಂದು ಗಳಿಗೆಗಾಗಿಯೇ ಜನ ಕೊಡೆ ಹಿಡಿದು ಕೆಸರು ತುಳಿದು ಬಂದಿರುತ್ತಾರೆ.

ನನ್ನ ದೊಡ್ಡಪ್ಪ ಇದರ ಹುಚ್ಚರು. ಹೋಗುವಾಗ ಕೃಷ್ಣನ ಭಕ್ತರು. ಬರುವಾಗ, ಅರ್ಥ ಹೇಳಿದವರ ಸಾಮರ್ಥ್ಯದ ಮೇಲೆ, ಕೌರವನ ಕಡೆಯವರು. "ಅಲ್ಲ, ಅವನು ಹೇಳುವುದರಲ್ಲಿಯೂ ತಪ್ಪೆಂತ ಉಂಟು?" ಎಂದು ದೊಡ್ಡಮ್ಮನ ಹತ್ತಿರ ವಾದಕ್ಕೆ ನಿಲ್ಲುತ್ತಿದ್ದರು. ದೊಡ್ಡಮ್ಮ, "ನೀವು ಮೊದಲು ನಿಮ್ಮ ತಮ್ಮಂದಿರಿಗೆ ಪಾಲು ಕೊಡಿ, ಮತ್ತೆ ಕೌರವನ ಮಾತು" ಎಂದು ಒಂದೇ ಏಟಿಗೆ ಸಂಧಾನ ಮುಗಿಸುತ್ತಿದ್ದರು. ಮುಂದಿನ ವಾರ ಇನ್ನೊಂದೂರಲ್ಲಿ ಅದೇ ಕೌರವ ಕೃಷ್ಣನಾಗಿ ಕೂತು, ತಾನೇ ಕಳೆದ ವಾರ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗ ದೊಡ್ಡಪ್ಪನಿಗೆ ಸ್ವಲ್ಪ ಮೋಸ ಹೋದಂತಾಗುತ್ತಿತ್ತು. ಆದರೂ ಅಲ್ಲಿಂದಲೂ ಒಪ್ಪಿಯೇ ಬರುತ್ತಿದ್ದರು.

ವಾಲಿಯ ಪಾತ್ರ ಇನ್ನೂ ತೊಡಕಿನದು. ಮರದ ಮರೆಯಿಂದ ಬಿಟ್ಟ ಬಾಣ ಎದೆಯಲ್ಲಿರುವಾಗ ವಾಲಿ ರಾಮನನ್ನು ಪ್ರಶ್ನಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧರ ಬಗ್ಗೆ ನಮ್ಮ ಕಡೆಯ ಹಿರಿಯರು ಇವತ್ತಿಗೂ ನಿನ್ನೆ ಕೇಳಿ ಬಂದವರ ಹಾಗೆ ಮಾತಾಡುತ್ತಾರೆ. 1918ರಲ್ಲಿ ಹುಟ್ಟಿ 2006ರವರೆಗೆ ಬದುಕಿದ ಶೇಣಿಯವರು ಹರಿಕಥೆಯನ್ನೂ ಮಾಡಿದವರು. ಖಳನೆಂದು ಊರೆಲ್ಲ ತೀರ್ಮಾನಿಸಿದವನಿಗೂ ಒಂದು ಪಕ್ಷ ಉಂಟೆಂದು ತೋರಿಸುವುದು ಅವರ ದಾರಿ. ಅವರೆದುರು ರಾಮನ ಅರ್ಥ ಹೇಳಲು ಧೈರ್ಯ ಬೇಕಿತ್ತು. ದೇವರಾದ ಮಾತ್ರಕ್ಕೆ ರಿಯಾಯಿತಿ ಇರಲಿಲ್ಲ. ಇದೇ ಶೇಣಿಯವರು 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯಲ್ಲಿ, ಮೂಲ್ಕಿಯ ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರ ಮಾಡಿ ಮನೆಮಾತಾದರು.

ಚೊಕ್ಕಾಡಿಯ ಕೃಷಿಕ ದೇರಾಜೆ ಸೀತಾರಾಮಯ್ಯನವರದು ಬೇರೆ ಜಾಡು. ನಗಿಸಿ, ಮೆತ್ತಗೆ ಮಾಡಿ, ಕೇಳುವವನು ಆಚೀಚೆ ನೋಡುವಷ್ಟರಲ್ಲಿ ಅವನನ್ನು ತಮ್ಮ ಕಡೆಯ ಗದ್ದೆಗೆ ಇಳಿಸಿಬಿಡುವುದು. ಅವರು ಬರೆದ ಒಂದು ಪುಸ್ತಕದ ಹೆಸರು 'ಕುರುಕ್ಷೇತ್ರಕ್ಕೊಂದು ಆಯೋಗ'. ಯುದ್ಧ ಮುಗಿದ ಮೇಲೂ ವಿಚಾರಣೆ ಮುಗಿದಿಲ್ಲ ಎನ್ನುವುದು ಅರ್ಥ ಹೇಳುವವರಿಗೆ ಮಾತ್ರ ಬರುವ ಯೋಚನೆ. ನಮ್ಮ ಸರ್ಕಾರಗಳಿಗೂ ಬರುತ್ತದೆ, ಆದರೆ ಅವುಗಳ ಆಯೋಗದ ವರದಿಯನ್ನು ಯಾರೂ ಓದುವುದಿಲ್ಲ.

ಇವತ್ತು ಒಂದು ಪಕ್ಷ, ನಾಳೆ ಇನ್ನೊಂದು ಪಕ್ಷ ಎಂಬ ಈ ವಿದ್ಯೆಯಿಂದ ರೋಮ್ ನಗರಕ್ಕೆ ಒಮ್ಮೆ ಗಾಬರಿಯಾಗಿತ್ತು. ಒರೋಪಸ್ ಎಂಬ ಊರನ್ನು ದೋಚಿದ್ದಕ್ಕೆ ಅಥೆನ್ಸಿಗೆ 500 ಟ್ಯಾಲೆಂಟ್ ದಂಡ ಬಿದ್ದಿತ್ತು. ದಂಡ ಇಳಿಸಿಕೊಡಿ ಎಂದು ಕೇಳಲು ಕ್ರಿಸ್ತಪೂರ್ವ 155ರಲ್ಲಿ ಅಥೆನ್ಸಿನವರು ಮೂವರು ತತ್ತ್ವಜ್ಞಾನಿಗಳನ್ನು ರೋಮಿಗೆ ಕಳಿಸಿದರು. ಅವರಲ್ಲೊಬ್ಬ ಕಾರ್ನಿಯಡೀಸ್. ಅವನು ಒಂದು ದಿನ ನ್ಯಾಯದ ಪರವಾಗಿ ಮಾತಾಡಿ ಸಭೆಯನ್ನು ತಲೆದೂಗಿಸಿದ, ಮರುದಿನ ಅದೇ ಸಭೆಯಲ್ಲಿ ನ್ಯಾಯದ ವಿರುದ್ಧ ಮಾತಾಡಿ ಮತ್ತೆ ತಲೆದೂಗಿಸಿದ ಎಂಬುದು ಪ್ರಸಿದ್ಧ ಕತೆ. ರೋಮಿನ ಹುಡುಗರು ಮರುಳಾದರು. ಹಿರಿಯ ಕೇಟೋ ಮಾತ್ರ, ಇವರ ಕೆಲಸ ಬೇಗ ಮುಗಿಸಿ ಊರಿಗೆ ಕಳಿಸಿ ಎಂದು ಸೆನೆಟ್ಟಿನಲ್ಲಿ ಹಠ ಹಿಡಿದ. ದಂಡ 100 ಟ್ಯಾಲೆಂಟಿಗೆ ಇಳಿಯಿತು. ಕೃಷ್ಣನಿಂದ ಆಗದ್ದು ಕಾರ್ನಿಯಡೀಸನಿಂದ ಆಯಿತು ಎನ್ನಬಹುದು, ಆದರೆ ಅವನೆದುರು ಕೌರವನಂಥವನು ಇರಲಿಲ್ಲ. ನಮ್ಮ ದೊಡ್ಡಪ್ಪ ಆ ಸಭೆಯಲ್ಲಿದ್ದರೆ ಎರಡು ದಿನವೂ ಮುಂದಿನ ಸಾಲಿನಲ್ಲಿ ಇರುತ್ತಿದ್ದರು. ದೊಡ್ಡಮ್ಮ ಕೇಟೋನ ಪಕ್ಕ.

ಅದೇ ಗ್ರೀಸಿನ ಅರಿಸ್ಟಾಟಲ್ ಈ ಇಡೀ ವ್ಯವಹಾರವನ್ನು ಬಿಚ್ಚಿ ನೋಡಿ, ಒಪ್ಪಿಸುವವನಿಗೆ ಮೂರು ಆಧಾರಗಳೆಂದ: ಹೇಳುವವನ ವ್ಯಕ್ತಿತ್ವ, ಕೇಳುವವನ ಭಾವ, ಮತ್ತು ಮಾತಿನ ತರ್ಕ. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಹೆಚ್ಚು ಇಷ್ಟವಾದದ್ದು ಅವನ ಇನ್ನೊಂದು ಗಮನಿಕೆ. ಸಭೆಯಲ್ಲಿ ಮಾತಾಡುವವನು ತರ್ಕದ ಎಲ್ಲ ಮೆಟ್ಟಿಲುಗಳನ್ನೂ ತಾನೇ ಹತ್ತಿ ತೋರಿಸಬೇಕಾಗಿಲ್ಲ, ಕೇಳುವವನಿಗೆ ಗೊತ್ತಿರುವುದನ್ನು ಅವನಿಗೇ ಬಿಡಬಹುದು, ಅವನೇ ಅದನ್ನು ಸೇರಿಸಿಕೊಳ್ಳುತ್ತಾನೆ ಎಂದ. ಸೇರಿಸಿಕೊಂಡ ಮೇಲೆ ಆ ತೀರ್ಮಾನ ಅವನದೇ. ತನ್ನದೇ ಬುದ್ಧಿಯನ್ನು ತಾನೇ ಅಲ್ಲಗಳೆಯುವಷ್ಟು ದೊಡ್ಡ ಮನಸ್ಸು ಯಾರಿಗುಂಟು?

ಚುನಾವಣಾ ಭಾಷಣಕಾರರಿಗೆ ಇದು ಕರತಲಾಮಲಕ. "ಈ ಕೆರೆಯ ಹೂಳು ತೆಗೆದ ದುಡ್ಡು ಯಾರ ಮನೆಯ ಮೂರನೆಯ ಮಾಳಿಗೆ ಆಯಿತೆಂದು ನಾನು ಹೆಸರು ಹೇಳುವುದಿಲ್ಲ" ಎಂದು ಹೇಳಿ ನಿಲ್ಲಿಸುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಹೆಸರು ಕೂಗುತ್ತಾರೆ. "ನೋಡಿ, ನಾನು ಹೇಳಲಿಲ್ಲ, ನೀವೇ ಹೇಳಿದಿರಿ" ಎಂದು ಭಾಷಣಕಾರರು ಕೈ ಮುಗಿಯುತ್ತಾರೆ. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ ಸೀಸರನ ಉಯಿಲನ್ನು ಎತ್ತಿ ತೋರಿಸಿ, ಇದನ್ನು ಓದಲಾರೆ ಎನ್ನುವುದೂ ಇದೇ ಕಸುಬು. ಓದು ಓದು ಎಂದು ಜನರೇ ಗಂಟು ಬೀಳುತ್ತಾರೆ. ಅದಕ್ಕೆ ಮೊದಲು ಬ್ರೂಟಸ್ ಗದ್ಯದಲ್ಲಿ, ಬಹಳ ಕ್ರಮವಾಗಿ, ಕಾರಣಗಳನ್ನು ಕೊಟ್ಟು ಮಾತಾಡಿದ್ದ. ಜನ ಒಪ್ಪಿಯೂ ಇದ್ದರು. ಅವನು ಕೆಟ್ಟದ್ದು ಭಾಷಣದಲ್ಲಲ್ಲ. ಮಾತು ಮುಗಿಸಿ, ಎದುರಾಳಿಗೆ ವೇದಿಕೆ ಬಿಟ್ಟುಕೊಟ್ಟು ಮನೆಗೆ ನಡೆದನಲ್ಲ, ಅಲ್ಲಿ. ತಾಳಮದ್ದಳೆಯಲ್ಲಿ ಪ್ರತಿಪಕ್ಷದ ಮಾತು ಮುಗಿಯುವ ಮೊದಲು ಎದ್ದು ಹೋಗುವ ಪದ್ಧತಿ ಇಲ್ಲ. ಬ್ರೂಟಸನಿಗೆ ಒಂದೆರಡು ಮಳೆಗಾಲದ ಅಭ್ಯಾಸ ಸಾಲದಾಗಿತ್ತು.

ಇನ್ನು ಹೇಳುವವನು ಯಾರೆಂಬ ಸಂಗತಿ. ಬಸ್ಸು ಹೊರಡಲು ಸ್ವಲ್ಪ ಹೊತ್ತಿರುವಾಗ ಹತ್ತುವ ಮುಲಾಮು ಮಾರುವವನು ಮೊದಲು ಹೇಳುವ ಮಾತು, "ನಾನು ಮಾರಲಿಕ್ಕೆ ಬಂದವನಲ್ಲ" ಎಂಬುದು. ಕೈಯಲ್ಲಿ ಡಬ್ಬಿಗಳ ಚೀಲ ಇರುತ್ತದೆ. ಕಂಪೆನಿಯ ಪ್ರಚಾರಕ್ಕಾಗಿ ಬಂದವನು, ಅಂಗಡಿಯ ಬೆಲೆಯ ಅರ್ಧಕ್ಕೆ ಕೊಡುವವನು, ಬೇಡವಾದರೆ ಉಜ್ಜಿ ನೋಡಿ ಹಿಂದೆ ಕೊಡಿ ಎನ್ನುವವನು. ಯಾರೂ ನಂಬುವುದಿಲ್ಲ. ಆದರೂ ಕಿಟಕಿಯ ಪಕ್ಕದ ಅಜ್ಜಿಯೊಬ್ಬರು ಮೊಣಕಾಲು ಮುಟ್ಟಿಕೊಳ್ಳುತ್ತಾರೆ. ಅವನ ಭಾಷಣ ಮುಗಿದು ಅಜ್ಜಿಯದು ಶುರುವಾಗುತ್ತದೆ: "ಕಳೆದ ಸಲ ತಕ್ಕೊಂಡಿದ್ದೆ, ಸ್ವಲ್ಪ ಗುಣ ಉಂಟು." ಅಷ್ಟೇ ಸಾಕು. ಅಜ್ಜಿಗೆ ಕಮಿಷನ್ ಇಲ್ಲವಲ್ಲ! ಬಸ್ಸು ಹೊರಡುವಷ್ಟರಲ್ಲಿ ನಾಲ್ಕಾರು ಡಬ್ಬಿಗಳು ಖಾಲಿ. ಅದೇ ಬಸ್ಸಿನ ಕಂಡಕ್ಟರು "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು" ಎನ್ನುವುದು ಇನ್ನೊಂದು ಸೋಜಿಗ. ಹಿಂದೆ ಖಾಲಿ ಇಲ್ಲವೆಂದು ಕಣ್ಣಿಗೆ ಕಾಣುತ್ತದೆ. ನಂಬದೆಯೂ ನಾವು ಹಿಂದೆ ಹೋಗುತ್ತೇವೆ. ಅರಿಸ್ಟಾಟಲ್ ಮಂಗಳೂರಿನ ಸಿಟಿ ಬಸ್ಸು ಹತ್ತಿದ್ದರೆ ನಾಲ್ಕನೆಯ ಆಧಾರವೊಂದನ್ನು ಬರೆಯುತ್ತಿದ್ದನೋ ಏನೋ.

ಸ್ವರ, ಹಾವಭಾವ, ಏರಿಳಿತ ಎಲ್ಲ ಬೇಕೆನ್ನುವವರಿಗೆ ಡೆಮಾಸ್ತನೀಸನೇ ಗುರು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಉಚ್ಚಾರ ತಿದ್ದಿಕೊಂಡವನು. ಆದರೆ 1934ರ ಫೆಬ್ರವರಿಯಲ್ಲಿ ಮಂಗಳೂರಿಗೂ ಪುತ್ತೂರಿಗೂ ಬಂದ ಒಬ್ಬ ಭಾಷಣಕಾರರಿಗೆ ಇದ್ಯಾವುದೂ ಇರಲಿಲ್ಲ. ತಗ್ಗಿದ ಸ್ವರ, ಬೋಳುಬೋಳಾದ ವಾಕ್ಯ, ಜನರ ಭಾಷೆಯೂ ಅಲ್ಲ, ಅನುವಾದ ಮಾಡಲು ಮತ್ತೊಬ್ಬರು ಬೇಕು. ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧಿ ಮಾತಾಡಿ ಕೈಯೊಡ್ಡಿದರೆ ಹೆಂಗಸರು ಬಳೆ ಬಿಚ್ಚಿ ಕೊಟ್ಟರು. ಅರ್ಪಿಸಿದ ಮಾನಪತ್ರವನ್ನು ಅವರು ಅಲ್ಲಿಯೇ ಏಲಂ ಹಾಕಿ ದುಡ್ಡು ಮಾಡಿದರು. ಅವರ ಭಾಷಣದಲ್ಲಿ ಕಿವಿಗೆ ಹಿತವಾದದ್ದು ಕಡಿಮೆ, ಆದರೆ ಅವರು ಮಾತು ಶುರುಮಾಡುವ ಮೊದಲೇ ಅರ್ಧ ಮಾತು ಆಗಿಹೋಗಿರುತ್ತಿತ್ತು. ಈ ದಾರಿ ಬಹಳ ದುಬಾರಿಯದು. ಇಡೀ ಜೀವಮಾನ ಒತ್ತೆ ಇಡಬೇಕು. ನಮ್ಮಂಥವರಿಗೆ ಬೆಣಚುಕಲ್ಲೇ ಅಗ್ಗ.

ಬರೆಯುವವರ ಪಾಡು ಇನ್ನೂ ಕಷ್ಟ. ಓದುಗ ಎದುರೂ ಇಲ್ಲ, ಪಕ್ಕದಲ್ಲೂ ಇಲ್ಲ. ಹಾಸಿಗೆಯಲ್ಲಿ ಮಲಗಿದ್ದಾನೋ, ಹಲ್ಲುನೋವಿನ ಡಾಕ್ಟರಲ್ಲಿ ಸರದಿಗೆ ಕಾಯುತ್ತಿದ್ದಾನೋ ಹೇಳಲಾಗದು. ಆಕಳಿಸಿದರೆ ಕಾಣುವುದಿಲ್ಲ. ಅರ್ಥಧಾರಿ ಸಭೆಯ ಮುಖ ನೋಡಿ ಉದಾಹರಣೆ ಬದಲಿಸಬಹುದು, ಅಚ್ಚಾದ ಪುಟಕ್ಕೆ ಆ ಸೌಕರ್ಯ ಇಲ್ಲ. ಕಾದಂಬರಿಕಾರ ಗಳಗನಾಥರು ಇದಕ್ಕೆ ಕಂಡುಕೊಂಡ ಉಪಾಯ ಕಾಲ್ನಡಿಗೆ. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಬಿಸಿಲಲ್ಲಿ ಬೆವರುತ್ತಾ ಗಂಟು ಇಳಿಸಿದ ಹಿರಿಯರನ್ನು ಕಂಡ ಮೇಲೆ ಕಾದಂಬರಿ ಬೇಡವೆನ್ನಲು ಯಾರಿಗೆ ನಾಲಗೆ ಬರುತ್ತಿತ್ತು? ಈಗಿನ ನಾವು ಮುನ್ನುಡಿ ಬರೆಸುತ್ತೇವೆ. ಪುಸ್ತಕ ಚೆನ್ನಾಗಿದೆ ಎಂದು ಲೇಖಕ ಹೇಳಬಾರದು, ಪಕ್ಕದಲ್ಲಿ ಕೂತ ಹಿರಿಯರು ಹೇಳಬೇಕು. ಅದೇ ಬಸ್ಸಿನ ಅಜ್ಜಿ.

ತಾಳಮದ್ದಳೆಯಿಂದ ರಾಜಕೀಯಕ್ಕೆ ಹೋದವರೂ ಇದ್ದಾರೆ. ಪ್ರಾಸಬದ್ಧವಾಗಿ ಅರ್ಥ ಹೇಳುವುದರಲ್ಲಿ ಹೆಸರಾದ ಕುಂಬಳೆ ಸುಂದರರಾಯರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ಶಾಸಕರಾದರು. ವಿಧಾನಸಭೆಯಲ್ಲೂ ಎರಡು ಪಕ್ಷಗಳು ಎದುರುಬದುರು ಕೂರುತ್ತವೆ, ಯಾರೂ ಯಾರನ್ನೂ ಒಪ್ಪಿಸುವುದಿಲ್ಲ, ಕೇಳುವವರು ಮೇಲೆ ಗ್ಯಾಲರಿಯಲ್ಲಿ. ಒಂದೇ ಕೊರತೆ ಎಂದರೆ ಅಲ್ಲಿ ಭಾಗವತರಿಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಸ್ವಂತ ಪಾಂಡಿತ್ಯದಲ್ಲಿ ತಾನೇ ಮುಳುಗಿ ಮೇಲೆ ಬಾರದೇ ಹೋದಾಗ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ ಎತ್ತಿಬಿಡುತ್ತಾರೆ. ಎಂಥ ರಾವಣನೂ ಬಾಯಿ ಮುಚ್ಚಲೇಬೇಕು. ಒಪ್ಪಿಸುವ ಕಲೆಯಲ್ಲಿ ನಿಲ್ಲಿಸುವುದೂ ಸೇರಿದೆ ಎಂಬುದನ್ನು ಹೀಗೆ ಕಂಚಿನ ಮೇಲೆ ಬಾರಿಸಿ ಹೇಳುವ ಏರ್ಪಾಟು ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ತಾಳಮದ್ದಳೆಗೂ ಕಾಲಮಿತಿ ಬಂದಿದೆ. ರಾತ್ರಿಯಿಡೀ ನಡೆಯುತ್ತಿದ್ದದ್ದು ಎರಡು ಮೂರು ಗಂಟೆಗೆ ಇಳಿದಿದೆ. ಅದಕ್ಕೆ ನನ್ನ ಆಕ್ಷೇಪ ಇಲ್ಲ, ಎಲ್ಲರಿಗೂ ಮರುದಿನ ಕೆಲಸ ಉಂಟು. ಆದರೆ ಅದಕ್ಕೆ ಮೊದಲು ಸಭಾ ಕಾರ್ಯಕ್ರಮ ಎಂಬುದೊಂದು ಇರುತ್ತದೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ, ಸನ್ಮಾನಕ್ಕೆ ಉತ್ತರ, ಮುಖ್ಯ ಅತಿಥಿ, ಇನ್ನೊಬ್ಬ ಮುಖ್ಯ ಅತಿಥಿ, ಅಧ್ಯಕ್ಷರು. ಎಲ್ಲರೂ "ಎರಡೇ ಮಾತು ಹೇಳಿ ಮುಗಿಸುತ್ತೇನೆ" ಎನ್ನುವವರೇ. ಕಲೆ ಉಳಿಯಬೇಕು ಎಂದು ಇವರು ಗಂಟೆಗಟ್ಟಲೆ ನಮಗೆ ಹೇಳುತ್ತಾರೆ, ಉಳಿಯಬೇಕೆಂದೇ ಬಂದು ಕೂತವರಿಗೆ! ಅಷ್ಟರಲ್ಲಿ ಕೌರವನ ಅರ್ಧ ವಾದ ನುಂಗಿಹೋಗಿರುತ್ತದೆ.

ಸಂಘಟಕರಲ್ಲಿ ನನ್ನದೊಂದು ವಿನಂತಿ. ಸಭಾ ಕಾರ್ಯಕ್ರಮ ಬೇಡ ಎನ್ನುವ ಧೈರ್ಯ ನಿಮಗೂ ಇಲ್ಲ, ನನಗೂ ಇಲ್ಲ. ಆದರೆ ಭಾಗವತರು ಹೇಗೂ ಬೇಗ ಬಂದು ಹಿಂದೆ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ದಯವಿಟ್ಟು ಅವರನ್ನು ಜಾಗಟೆ ಸಮೇತ ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದಲ್ಲೇ ಕೂರಿಸಿ.